ಮೊದಲ ಪಿಆರ್‌ಗೇ ಕೆಂಪು ಗುರುತು: ಚೆಕ್ ತೆಗೀಬೇಕಾ, ಇಟ್ಕೋಬೇಕಾ?

ಪ್ರಶ್ನೆ:

ಮೇಡಂ, ನಾನು ದಾವಣಗೆರೆಯವನು. ನಾನೂ ನನ್ನ ಗೆಳೆಯನೂ ಸೇರಿ ಒಂದು ಸಣ್ಣ ಪೈಥಾನ್ ಲೈಬ್ರರಿ ನಡೆಸುತ್ತಿದ್ದೇವೆ. ಕನ್ನಡ ಪಠ್ಯದಲ್ಲಿ ಅಕ್ಷರ ಎಣಿಸುವುದು, ಪದಗಳನ್ನು ಅಕಾರಾದಿಯಾಗಿ ಜೋಡಿಸುವುದು ಅದರ ಕೆಲಸ. ಜೊತೆಗೆ ಒಂದು ಡೆಮೊ ಪುಟ ಇದೆ. ಎಲ್ಲ ಓಪನ್ ಸೋರ್ಸ್. ಕೋಡ್ ಕೆಡಬಾರದು ಅಂತ ಕಳೆದ ವರ್ಷ ಲಿಂಟರ್ (ಕೋಡ್‌ನಲ್ಲಿ ತಪ್ಪು ಹುಡುಕುವ ಟೂಲ್), ಫಾರ್ಮ್ಯಾಟರ್ (ಕೋಡ್‌ನ ಜೋಡಣೆ ನೋಡಿಕೊಳ್ಳುವ ಟೂಲ್), ಟೈಪ್ ಚೆಕ್, ಶೇ. 90 ಟೆಸ್ಟ್ ಕವರೇಜ್ (ಎಷ್ಟು ಸಾಲು ಕೋಡನ್ನು ಟೆಸ್ಟ್ ಮುಟ್ಟುತ್ತದೆ ಅನ್ನೋ ಲೆಕ್ಕ), ಕಮಿಟ್ (ದಾಖಲಿಸಿದ ಒಂದು ಬದಲಾವಣೆ) ಸಂದೇಶದ ನಿಯಮ ಎಲ್ಲ ಹಾಕಿದೆವು. ಆಮೇಲೆ ಹೊಸಬರಿಂದ ಏಳು ಪಿಆರ್ (ಪುಲ್ ರಿಕ್ವೆಸ್ಟ್, ಅಂದರೆ 'ಈ ಬದಲಾವಣೆ ಸೇರಿಸಿಕೊಳ್ಳಿ' ಅನ್ನೋ ಕೋರಿಕೆ) ಬಂದವು. ಅದರಲ್ಲಿ ಐದು ಅರ್ಧಕ್ಕೇ ನಿಂತವು. ಚೆಕ್ ಫೇಲ್ ಆಗಿ ಕೆಂಪು ಗುರುತು ಬಿದ್ದ ಮೇಲೆ ಅವರು ಈ ಕಡೆ ತಲೆ ಹಾಕಲಿಲ್ಲ. ಒಬ್ಬ ವಿದ್ಯಾರ್ಥಿನಿ ಡೆಮೊ ಪುಟದಲ್ಲಿ ಒಂದೇ ಸಾಲು ಬದಲಿಸಿದ್ದರು, ಅದಕ್ಕೆ ಇನ್ನೂರಕ್ಕೂ ಹೆಚ್ಚು ತಪ್ಪು ತೋರಿಸಿತು. ಗೆಳೆಯ 'ಎಲ್ಲ ಚೆಕ್ ಕಿತ್ತು ಬಿಸಾಕು' ಅಂತಾನೆ. ನನಗೆ ಭಯ. ಪಿಆರ್ ಲಿಂಕ್‌ಗಳನ್ನು ಜೊತೆಗೆ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ:

ಕೀಳಬೇಡಿ. ಆದರೆ ನಿಮ್ಮ ಗೆಳೆಯರು ಹೇಳಿದ್ದನ್ನು ಪೂರ್ತಿ ತಳ್ಳಿಹಾಕಲೂಬೇಡಿ. ಅವರ ಸಿಟ್ಟಿಗೆ ಕಾರಣ ಇದೆ.

ಲಿಂಕ್ ಕಳಿಸಿದ್ದು ಒಳ್ಳೆಯದಾಯಿತು. ಐದೂ ಪಿಆರ್ ತೆರೆದು, ಸಿಐ (ಪ್ರತಿ ಪಿಆರ್‌ಗೂ ಚೆಕ್‌ಗಳನ್ನು ತಾನಾಗೇ ಓಡಿಸುವ ವ್ಯವಸ್ಥೆ) ಲಾಗ್ ಸಮೇತ ಕೂತು ಓದಿದೆ. ನನಗೆ ಅನಿಸಿದ್ದು ಹೇಳುತ್ತೇನೆ. ಅವರು ಓಡಿಹೋಗಿದ್ದು ನಿಮ್ಮ ನಿಯಮ ಬಿಗಿ ಆಯಿತು ಅಂತ ಅಲ್ಲ. ಯಂತ್ರ ತಾನೇ ಮಾಡಿ ಮುಗಿಸಬಹುದಾದ ಕೆಲಸವನ್ನು ಅವರ ತಲೆಗೆ ಕಟ್ಟಿತು. ನೀವು ಆಡಬೇಕಾದ ಮಾತನ್ನೂ ಅದೇ ಆಡಿತು. ಐದರಲ್ಲಿ ಒಂದೇ ಒಂದು ಪಿಆರ್ ಕೂಡ ಕೋಡ್ ಕೆಟ್ಟದಾಗಿತ್ತು ಅನ್ನೋ ಕಾರಣಕ್ಕೆ ನಿಂತಿಲ್ಲ.

ಆ ವಿದ್ಯಾರ್ಥಿನಿಯ ಪಿಆರ್‌ನಿಂದಲೇ ಶುರು ಮಾಡೋಣ. ನಿಮ್ಮ ಡೆಮೊ ಪುಟದಲ್ಲಿ 'ಜೋಡಿಸಿ' ಗುಂಡಿಯನ್ನು ಎರಡು ಸಲ ಒತ್ತಿದರೆ ಪಟ್ಟಿ ಖಾಲಿಯಾಗುತ್ತಿತ್ತು. ಆಕೆ ಅದನ್ನು ಕಂಡುಹಿಡಿದು ಒಂದೇ ಸಾಲಿನಲ್ಲಿ ಸರಿಮಾಡಿದ್ದಾರೆ. ಕಮಿಟ್ ಸಂದೇಶ ನೋಡಿದಿರಾ? 'ಆಡ್ ಫೈಲ್ಸ್ ವಯಾ ಅಪ್‌ಲೋಡ್' ಅಂತಿದೆ. ಅದು ನಿಮ್ಮ ಕೋಡ್ ಇರುವ ಗಿಟ್‌ಹಬ್ ತಾಣ ತಾನಾಗಿಯೇ ಹಾಕುವ ಸಂದೇಶ. ಅಂದರೆ ಆಕೆ ಗಿಟ್ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಟೂಲ್) ಮುಟ್ಟೇ ಇಲ್ಲ, ಫೈಲನ್ನು ಬ್ರೌಸರ್‌ನಲ್ಲೇ ಅಪ್‌ಲೋಡ್ ಮಾಡಿದ್ದಾರೆ. ವಿಂಡೋಸ್ ಯಂತ್ರ, ಬಹುಶಃ ಕಾಲೇಜ್ ಲ್ಯಾಬಿನದು. ವಿಂಡೋಸ್‌ನಲ್ಲಿ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಗುರುತು ಕೂರುತ್ತವೆ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಒಂದೇ. ನೀವು ಇಎಸ್‌ಲಿಂಟ್ ಅನ್ನೋ ಲಿಂಟರ್ ಮೂಲಕ ಓಡಿಸುವ ಪ್ರೆಟಿಯರ್ ಅನ್ನೋ ಫಾರ್ಮ್ಯಾಟರ್ 2020ರ 2.0 ಆವೃತ್ತಿಯಿಂದ ಲಿನಕ್ಸ್ ಥರದ್ದೇ ಇರಬೇಕು ಅನ್ನುತ್ತದೆ. ಫೈಲ್‌ನಲ್ಲಿ 214 ಸಾಲು, ಅದಕ್ಕೇ 214 ತಪ್ಪು. ಪ್ರತಿ ಸಾಲಿಗೂ ಒಂದೇ ದೂರು: 'ಡಿಲೀಟ್' ಅಂತ ಬರೆದು ಪಕ್ಕದಲ್ಲೊಂದು ವಿಚಿತ್ರ ಚಿಹ್ನೆ. ಆ ಚಿಹ್ನೆ ಕೀಬೋರ್ಡ್‌ನಲ್ಲಿಲ್ಲ. ಫೈಲ್ ತೆರೆದರೆ ಎಲ್ಲೂ ಕಾಣಲ್ಲ. ಕಾಣದ ಅಕ್ಷರವನ್ನು ಅಳಿಸು ಅಂತ 214 ಸಲ ಬೈಸಿಕೊಂಡವರು ಮತ್ತೆ ಬರ್ತಾರಾ?

ಇದೇ ಪ್ರೆಟಿಯರ್‌ಗೆ 'ಚೆಕ್ ಮಾಡು' ಅನ್ನುವ ಬದಲು 'ಬರೆದುಬಿಡು' ಅಂದಿದ್ದರೆ ಒಂದು ಸೆಕೆಂಡಿನಲ್ಲಿ ಮುಗಿದುಹೋಗುತ್ತಿತ್ತು. ತಪ್ಪು ಎಲ್ಲಿದೆ ಅಂತ ಅದಕ್ಕೆ ಗೊತ್ತು, ಸರಿಮಾಡಲೂ ಗೊತ್ತು. ಆದರೂ ಬೆರಳು ತೋರಿಸಿ ಸುಮ್ನೆ ನಿಂತಿತು. ಹಾಗೆ ನಿಲ್ಲಿ ಅಂತ ಅದಕ್ಕೆ ಹೇಳಿದವರು ನೀವು.

ಫಾರ್ಮ್ಯಾಟರ್‌ಗಳು ಬಂದಿದ್ದೇ ಈ ರಗಳೆ ತಪ್ಪಿಸಲಿಕ್ಕೆ. 2009ರಲ್ಲಿ ಗೋ ಭಾಷೆ ಹೊರಬಂದಾಗ ಜೊತೆಗೇ ಗೋಫಮ್ಟ್ ಅನ್ನೋ ಟೂಲ್ ಬಂತು. ಟ್ಯಾಬ್ ಹಾಕಬೇಕಾ, ಸ್ಪೇಸ್ ಹಾಕಬೇಕಾ ಅಂತ ಜಗಳ ಆಡುವುದಕ್ಕೆ ಜಾಗವೇ ಉಳಿಯಲಿಲ್ಲ. ಪೈಥಾನ್‌ನಲ್ಲಿ 2018ರಲ್ಲಿ ಬ್ಲ್ಯಾಕ್ ಬಂದು ಅದೇ ಕೆಲಸ ಮಾಡಿತು. ಸೆಟ್ಟಿಂಗ್ ಬದಲಿಸಲು ಹೆಚ್ಚು ಅವಕಾಶವನ್ನೇ ಅದು ಕೊಡಲ್ಲ. ಇವುಗಳ ಉದ್ದೇಶ ಕೋಡ್ ಬರೆಯುವವರು ಫಾರ್ಮ್ಯಾಟ್ ಬಗ್ಗೆ ತಲೆ ಕೆಡಿಸಿಕೊಳ್ಳಬಾರದು ಅಂತ. ನಾವು ಮಾತ್ರ ಅದನ್ನು ತಂದು ಗೇಟಿನ ಕಾವಲಿಗೆ ನಿಲ್ಲಿಸಿಬಿಟ್ಟೆವು.

ಹಾಗಾಗಿ ನನ್ನ ಮೊದಲ ಸಲಹೆ ಸರಳ. ಫಾರ್ಮ್ಯಾಟರ್ ಸರಿಮಾಡಬಲ್ಲ ಯಾವ ತಪ್ಪನ್ನೂ ಹೊಸಬರಿಗೆ ಹೇಳಲೇಬೇಡಿ. ಸರಿಮಾಡಿಬಿಡಿ. ಪಿಆರ್ ತೆರೆಯುವಾಗ 'ಮೇಂಟೇನರ್‌ಗಳು (ಪ್ರಾಜೆಕ್ಟ್ ನಡೆಸುವವರು) ತಿದ್ದಬಹುದು' ಅನ್ನೋ ಅರ್ಥದ ಒಂದು ಟಿಕ್ ಇರುತ್ತದೆ, 2016ರಿಂದ ಇದೆ. ಸ್ವಂತ ಖಾತೆಯಲ್ಲಿ ಫೋರ್ಕ್ (ನಿಮ್ಮ ಕೋಡ್‌ನ ತಮ್ಮದೇ ಪ್ರತಿ) ಮಾಡಿದವರಿಗೆ ಅದು ತಾನಾಗೇ ಆನ್ ಆಗಿರುತ್ತದೆ. ಅದಿದ್ದರೆ ನೀವು ಅವರ ಬ್ರಾಂಚ್ (ಬದಲಾವಣೆ ಇರುವ ಕವಲು) ಇಳಿಸಿಕೊಂಡು, ಫಾರ್ಮ್ಯಾಟರ್ ಓಡಿಸಿ, ವಾಪಸ್ ಪುಶ್ ಮಾಡಬಹುದು, ಅಂದರೆ ಕಳಿಸಬಹುದು. ಎರಡು ನಿಮಿಷದ ಕೆಲಸ. ಪುಶ್ ಮಾಡಿದ ಮೇಲೆ ಒಂದು ಸಾಲು ಬರೆಯಿರಿ, 'ಮುಂದೆ ಏನಾದರೂ ಬದಲಿಸುವ ಮೊದಲು ಒಮ್ಮೆ ಪುಲ್ ಮಾಡಿಕೊಳ್ಳಿ' ಅಂತ. ಇಲ್ಲದಿದ್ದರೆ ಅವರ ಮುಂದಿನ ಪುಶ್ ರಿಜೆಕ್ಟ್ ಆಗಿ ಇನ್ನೊಂದು ಗೊಂದಲ.

ಇದನ್ನೂ ಕೈಯಲ್ಲಿ ಮಾಡುವುದು ಬೇಡ ಅಂದರೆ ಪ್ರೀ-ಕಮಿಟ್ ಸಿಐ ಥರದ ಸೇವೆ ಇದೆ. ಪಿಆರ್ ಬಂದ ಕೂಡಲೇ ಸರಿಮಾಡಿದ ಕಮಿಟ್ ಒಂದನ್ನು ಅದೇ ಸೇರಿಸುತ್ತದೆ. ಆದರೆ ಒಂದು ಎಚ್ಚರಿಕೆ. ಗಿಟ್‌ಹಬ್‌ನದೇ ಸಿಐ ಆದ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ನೀವೇ ಇದನ್ನು ಬರೆಯಲು ಹೋದರೆ ಫೋರ್ಕ್‌ನಿಂದ ಬಂದ ಪಿಆರ್‌ಗೆ ಸಿಗುವ ಟೋಕನ್ (ಪರವಾನಗಿ ಕೀ) ಓದಲು ಮಾತ್ರ, ಬರೆಯಲು ಆಗಲ್ಲ. ಆಗ ಹುಡುಕಿದರೆ 'ಪುಲ್ ರಿಕ್ವೆಸ್ಟ್ ಟಾರ್ಗೆಟ್' ಅನ್ನೋ ಇನ್ನೊಂದು ಟ್ರಿಗರ್ ಬಳಸಿ ಅಂತ ಯಾರೋ ಹೇಳಿರುತ್ತಾರೆ. ಅದನ್ನು ಬಳಸಿ ಹೊರಗಿನವರ ಕೋಡನ್ನು ಓಡಿಸಿದಿರೋ, ನಿಮ್ಮ ರೆಪೊದ (ಕೋಡ್ ಇಟ್ಟ ಜಾಗದ) ಗುಟ್ಟಿನ ಕೀಗಳನ್ನೂ ಬರೆಯುವ ಅಧಿಕಾರವನ್ನೂ ಅಪರಿಚಿತರ ಕೈಗೆ ಕೊಟ್ಟ ಹಾಗೆ. ಸ್ವಾಗತ ಮಾಡೋದು ಅಂದರೆ ಮನೆ ಬೀಗದ ಕೈ ಕೊಡೋದಲ್ಲ.

ಗಿಟ್ ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಸಾಲಿನ ಕೊನೆ ಲಿನಕ್ಸ್ ಥರ ಇರಲಿ ಅಂತ ಒಂದು ಸಾಲು ಸೇರಿಸಿ. ಗಿಟ್ ಬಳಸಿ ಕ್ಲೋನ್ ಮಾಡುವ ವಿಂಡೋಸ್‌ನವರ ತಾಪತ್ರಯ ಅಲ್ಲಿಗೆ ಮುಗಿಯುತ್ತದೆ. ಬ್ರೌಸರ್‌ನಲ್ಲಿ ಅಪ್‌ಲೋಡ್ ಮಾಡುವವರಿಗೆ ನೀವೇ ಗತಿ.

ಎರಡನೇ ಪಿಆರ್ ನೋಡಿ ನಗು ಬಂತು, ಆಮೇಲೆ ಬೇಜಾರೂ ಆಯಿತು. ಯಾರೋ ಪುಣ್ಯಾತ್ಮರು ಗಾದೆಗಳನ್ನು ಹಾಕಿ ಟೆಸ್ಟ್ ಬರೆದಿದ್ದಾರೆ. ನಿಮ್ಮ ಪೈಥಾನ್ ಲಿಂಟರ್ ಫ್ಲೇಕ್8 'ಸಾಲು ಉದ್ದ ಆಯಿತು' ಅಂತ ಹನ್ನೊಂದು ಕಡೆ ಬೈದಿದೆ. ಪರದೆ ಮೇಲೆ ನೋಡಿದರೆ ಆ ಸಾಲುಗಳು ಅಷ್ಟೇನೂ ಉದ್ದ ಇಲ್ಲ. ಯಾಕೆ ಗೊತ್ತಾ? ಫ್ಲೇಕ್8 ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. 'ಸ್ತ್ರೀ' ನಮಗೆ ಒಂದೇ ಅಕ್ಷರ, ಅದಕ್ಕೆ ಆರು: ಸ, ಹಲಂತದ ಗುರುತು, ತ, ಮತ್ತೆ ಹಲಂತದ ಗುರುತು, ರ, ದೀರ್ಘದ ಈ ಗುರುತು. 'ರಾಷ್ಟ್ರ' ನಮಗೆ ಎರಡು, ಅದಕ್ಕೆ ಏಳು. ನಿಮ್ಮದು ಅಕ್ಷರ ಎಣಿಸುವ ಲೈಬ್ರರಿ. ಅದರ ಬಾಗಿಲಲ್ಲಿ ಅಕ್ಷರ ಎಣಿಸಲು ಬಾರದ ಕಾವಲುಗಾರ!

ಅಷ್ಟೇ ಅಲ್ಲ. ನಾವು ಏನೂ ಹೇಳದಿದ್ದರೆ ಬ್ಲ್ಯಾಕ್ ಸಾಲಿನ ಉದ್ದ 88 ಅನ್ನುತ್ತದೆ, ಫ್ಲೇಕ್8 79 ಅನ್ನುತ್ತದೆ. ನೀವು ಎರಡಕ್ಕೂ ಏನೂ ಹೇಳಿಲ್ಲ. ಜೊತೆಗೆ ಬ್ಲ್ಯಾಕ್ ಉದ್ದದ ಸ್ಟ್ರಿಂಗ್‌ಗಳನ್ನು (ಉದ್ಧರಣ ಚಿಹ್ನೆಯೊಳಗಿನ ಪಠ್ಯವನ್ನು) ಒಡೆಯುವುದಿಲ್ಲ. ಆ ಮನುಷ್ಯ ಬ್ಲ್ಯಾಕ್ ಓಡಿಸಿ 'ಎಲ್ಲ ಸರಿ ಇದೆ' ಅನ್ನಿಸಿಕೊಂಡು ಪುಶ್ ಮಾಡಿದರೆ ಫ್ಲೇಕ್8 'ಸರಿ ಇಲ್ಲ' ಅಂದಿದೆ. ಅತ್ತೆ ಒಂದು ಹೇಳಿ ಮಾವ ಇನ್ನೊಂದು ಹೇಳಿದರೆ ಹೊಸ ಸೊಸೆ ಯಾರ ಮಾತು ಕೇಳಬೇಕು? ಬ್ಲ್ಯಾಕ್ ಇರುವಾಗ ಫ್ಲೇಕ್8ನ ಸಾಲಿನ ಉದ್ದದ ನಿಯಮವನ್ನು ಆಫ್ ಮಾಡಿಬಿಡಿ. ಫಾರ್ಮ್ಯಾಟ್ ವಿಷಯದಲ್ಲಿ ಒಂದು ಟೂಲ್ ಮಾತಾಡಿದರೆ ಸಾಕು.

ಈ ಸಾಲಿನ ಉದ್ದದ ಕತೆ ನಿಮಗೊಬ್ಬರಿಗೇ ಬಂದಿದ್ದಲ್ಲ. ಲಿನಕ್ಸ್ ಕರ್ನಲ್‌ನಲ್ಲಿ ಚೆಕ್‌ಪ್ಯಾಚ್ ಅನ್ನೋ ಹಳೆಯ ಸ್ಕ್ರಿಪ್ಟ್ ಇದೆ. ಪ್ಯಾಚ್ (ತಿದ್ದುಪಡಿ) ಕಳಿಸುವ ಮೊದಲು ಅದನ್ನು ಓಡಿಸಿ ನೋಡಬೇಕು. ಎಷ್ಟೋ ವರ್ಷ ಅದು 80 ದಾಟಿದರೆ ಎಚ್ಚರಿಕೆ ಕೊಡುತ್ತಿತ್ತು. ಆ ಎಚ್ಚರಿಕೆ ತಪ್ಪಿಸಲು ಜನ ಸಾಲುಗಳನ್ನು ಎಲ್ಲೆಂದರಲ್ಲಿ ಮುರಿದು ಕೋಡ್ ಓದಲಾಗದ ಹಾಗೆ ಮಾಡುತ್ತಿದ್ದರು. 2020ರ ಮೇ ತಿಂಗಳಲ್ಲಿ ಅದನ್ನು 100ಕ್ಕೆ ಏರಿಸುವ ತಿದ್ದುಪಡಿಯನ್ನು ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಸೇರಿಸಿಕೊಂಡರು. ಅದಕ್ಕಿಂತ ನನಗೆ ಇಷ್ಟವಾಗುವುದು ಕರ್ನಲ್‌ನ ದಾಖಲೆಯಲ್ಲೇ ಇರುವ ಒಂದು ಮಾತು. ಚೆಕ್‌ಪ್ಯಾಚ್ ಒಂದು ದಾರಿದೀಪ, ಮನುಷ್ಯರ ವಿವೇಚನೆಗೆ ಬದಲಿ ಅಲ್ಲ, ನಿಯಮ ಮೀರಿದರೇ ಕೋಡ್ ಚೆನ್ನಾಗಿ ಕಾಣುತ್ತೆ ಅಂದರೆ ಹಾಗೇ ಬಿಡಿ, ಇದು ಅದರ ತಾತ್ಪರ್ಯ. ಅಷ್ಟು ದೊಡ್ಡ, ಅಷ್ಟು ಕಟ್ಟುನಿಟ್ಟಿನ ಪ್ರಾಜೆಕ್ಟ್‌ನಲ್ಲಿ ಈ ಮಾತು ಇದೆ ಅನ್ನೋದು ನೆನಪಿರಲಿ.

ಮೂರನೆಯದರಲ್ಲಿ ನಿಮ್ಮ ಕವರೇಜ್ ನಿಯಮ ಒಬ್ಬ ಒಳ್ಳೆ ಕೆಲಸಗಾರನಿಗೆ ಶಿಕ್ಷೆ ಕೊಟ್ಟಿದೆ. ಅವರು ಹೊಸ ಕೋಡ್ ಬರೆದೇ ಇಲ್ಲ. ಎರಡು ಕಡೆ ಇದ್ದ ಒಂದೇ ಕೋಡನ್ನು ಒಂದು ಕಡೆಗೆ ತಂದು ಇಪ್ಪತ್ತು ಸಾಲು ಉಳಿಸಿದ್ದಾರೆ. ಲೆಕ್ಕ ಹಾಕಿ ನೋಡಿ. ಒಟ್ಟು 1000 ಸಾಲು, ಟೆಸ್ಟ್ ಮುಟ್ಟುವುದು 900, ಸರಿಯಾಗಿ ಶೇ. 90. ಟೆಸ್ಟ್ ಮುಟ್ಟುತ್ತಿದ್ದ 20 ಸಾಲು ತೆಗೆದರೆ 980ರಲ್ಲಿ 880, ಅಂದರೆ ಶೇ. 89.8. ಕೆಂಪು! ಕೋಡ್ ಚೊಕ್ಕ ಆಯಿತು, ಟೆಸ್ಟ್ ಒಂದೂ ಕಮ್ಮಿ ಆಗಿಲ್ಲ, ಆದರೂ ಫೇಲ್. ಇದನ್ನು ಪಾಸ್ ಮಾಡಿಸಲು ಆ ಮನುಷ್ಯ ಎಲ್ಲೋ ಮೂಲೆಯ, ತನಗೆ ಸಂಬಂಧವೇ ಇಲ್ಲದ ಕೋಡ್‌ಗೆ ಟೆಸ್ಟ್ ಬರೆಯಬೇಕಿತ್ತು. ಯಾಕೆ ಬರೀತಾರೆ? ಒಟ್ಟು ಕವರೇಜ್ ಅನ್ನು ಗೋಡೆ ಮೇಲಿನ ಕ್ಯಾಲೆಂಡರ್ ಥರ ಇಟ್ಟುಕೊಳ್ಳಿ, ನೀವಿಬ್ಬರೂ ನೋಡಿ, ತಿಂಗಳಿಗೊಮ್ಮೆ ತಲೆ ಕೆರೆದುಕೊಳ್ಳಿ. ಪಿಆರ್‌ನಲ್ಲಿ ತೋರಿಸಲೇಬೇಕು ಅಂದರೆ ಅದು ಸೇರಿಸಿದ ಹೊಸ ಸಾಲುಗಳ ಕವರೇಜ್ ಮಾತ್ರ ತೋರಿಸಿ. ಅದೂ ಮಾಹಿತಿಗೆ, ತಡೆಯಲು ಅಲ್ಲ.

ಕಮಿಟ್ ಸಂದೇಶದ ನಿಯಮದ ಬಗ್ಗೆ ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಯಾಕಂದರೆ ಆ ತಪ್ಪು ನಾನೂ ಮಾಡಿದ್ದೇನೆ. ನಾಲ್ಕನೇ ಪಿಆರ್ ನಿಂತಿದ್ದು ಸಂದೇಶದ ಮೊದಲಿಗೆ 'ಫಿಕ್ಸ್' ಅಂತ ಹಾಕಿ ಕೋಲನ್ ಹಾಕಿಲ್ಲ ಅನ್ನೋ ಒಂದೇ ಕಾರಣಕ್ಕೆ. ಹೊಸಬರಿಗೆ ಹಳೆಯ ಕಮಿಟ್‌ನ ಸಂದೇಶ ಬದಲಿಸುವುದು ಅಂದರೆ ಅಮೆಂಡ್, ಫೋರ್ಸ್ ಪುಶ್, ಇಲ್ಲ ರೀಬೇಸ್, ಎಲ್ಲ ಕಮಿಟ್‌ಗಳ ಇತಿಹಾಸವನ್ನೇ ಮತ್ತೆ ಬರೆಯುವ ಕಸರತ್ತು. ಕೆಲವು ವರ್ಷದ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಪ್ರಾಜೆಕ್ಟ್‌ಗೆ ಒಬ್ಬರು ಮೂರು ಸಾಲಿನ ತಿದ್ದುಪಡಿ ಕಳಿಸಿದರು. ನಾನು ಯಾವುದೋ ಗಡಿಬಿಡಿಯಲ್ಲಿ 'ರೀಬೇಸ್ ಮಾಡಿ' ಅಂತ ಎರಡೇ ಪದ ಬರೆದೆ. ಮರುದಿನ ನೋಡಿದರೆ ಅವರ ಪಿಆರ್‌ನಲ್ಲಿ 63 ಕಮಿಟ್! ಅರ್ಧ ನಮ್ಮವೇ, ಇನ್ನು ಕೆಲವು ಎರಡೆರಡು ಸಲ. ಪಾಪ, ರಾತ್ರಿಯೆಲ್ಲ ಒದ್ದಾಡಿದ್ದಾರೆ. ಬೆಳಿಗ್ಗೆ ಕ್ಷಮೆ ಕೇಳಿ ಪಿಆರ್ ಮುಚ್ಚಿಬಿಟ್ಟರು. ನಾನು ಸ್ಕ್ವಾಶ್ ಮರ್ಜ್ ಗುಂಡಿ ಒತ್ತಿ, ಸಂದೇಶ ನಾನೇ ಟೈಪ್ ಮಾಡಿದ್ದರೆ ಅರ್ಧ ನಿಮಿಷದ ಕೆಲಸ. ಆ ಗುಂಡಿ ಇರುವುದೇ ಅದಕ್ಕೆ. ಎಲ್ಲ ಕಮಿಟ್ ಸೇರಿ ಒಂದಾಗುತ್ತವೆ, ಅದಕ್ಕೆ ನಿಮಗೆ ಬೇಕಾದ ಹೆಸರು ಕೊಡಿ. ಈ ಚೆಕ್ ಒಂದನ್ನು ಮಾತ್ರ ನಿಮ್ಮ ಗೆಳೆಯರು ಹೇಳಿದ ಹಾಗೆ ಕಿತ್ತು ಬಿಸಾಕಿ.

ಇದಕ್ಕೆ ಒಂದು ಅಪವಾದ ಇದೆ. ಕೆಲವು ಪ್ರಾಜೆಕ್ಟ್‌ಗಳು ಕಮಿಟ್‌ನ ಕೊನೆಗೆ 'ಸೈನ್ಡ್ ಆಫ್ ಬೈ' ಸಾಲು ಕೇಳುತ್ತವೆ. ಈ ಕೋಡ್ ಕೊಡಲು ನನಗೆ ಹಕ್ಕಿದೆ ಅಂತ ಬರೆದವರೇ ಕೊಡುವ ಮಾತು ಅದು. 2004ರಲ್ಲಿ ಲಿನಕ್ಸ್‌ನಲ್ಲಿ ಶುರುವಾಯಿತು. ಅದನ್ನು ಅವರ ಪರವಾಗಿ ನೀವು ಹಾಕುವ ಹಾಗಿಲ್ಲ. ನಿಮ್ಮ ಪ್ರಾಜೆಕ್ಟ್‌ಗೆ ಸದ್ಯ ಅದು ಬೇಕಿಲ್ಲ.

ಐದನೆಯದು ಎಲ್ಲಕ್ಕಿಂತ ಅನ್ಯಾಯ. ಟೈಪ್ ಚೆಕ್ ಫೇಲ್ ಆಗಿದ್ದು ಅವರು ಮುಟ್ಟೇ ಇರದ ಫಂಕ್ಷನ್‌ನಲ್ಲಿ. ಆ ಚೆಕ್ ಮಾಡುವ ಮೈಪೈ ಟೂಲ್‌ನ ಆವೃತ್ತಿಯನ್ನು ನೀವು ಪಿನ್ ಮಾಡಿಲ್ಲ, ಅಂದರೆ ಇಂಥದ್ದೇ ಇರಲಿ ಅಂತ ಕಟ್ಟಿಹಾಕಿಲ್ಲ. ಹೊಸ ಆವೃತ್ತಿ ಬಂತು, ಹೊಸ ತಪ್ಪು ಹುಡುಕಿತು, ಆ ದಿನ ಯಾರು ಪಿಆರ್ ಕಳಿಸಿದರೋ ಅವರ ಮೈಮೇಲೆ ಬಿತ್ತು. ನಿಮ್ಮ ಮೇನ್ ಬ್ರಾಂಚ್ ನೋಡಿದೆ, ಅದೂ ಕೆಂಪಾಗೇ ಇದೆ! ಮನೆ ತುಂಬ ಕಸ ಇಟ್ಟುಕೊಂಡು ಬಂದ ನೆಂಟರ ಕೈಗೆ ಪೊರಕೆ ಕೊಟ್ಟ ಹಾಗಾಯಿತು. ಎಲ್ಲ ಟೂಲ್‌ಗಳ ಆವೃತ್ತಿ ಪಿನ್ ಮಾಡಿ. ಅಪ್‌ಗ್ರೇಡ್ ಬೇಕಾದಾಗ ನೀವೇ ಒಂದು ಪಿಆರ್ ಮಾಡಿ, ಅದರ ನೋವು ನೀವೇ ತಿನ್ನಿ.

ಹಳೆಯ ಫೈಲ್‌ಗಳಲ್ಲಿ ಫಾರ್ಮ್ಯಾಟ್ ತಪ್ಪುಗಳು ಇನ್ನೂ ರಾಶಿ ಇವೆ ಅಂತ ನೋಡಿದೆ. ಹೊಸಬರು ಆ ಫೈಲ್‌ನಲ್ಲಿ ಒಂದು ಸಾಲು ಮುಟ್ಟಿದರೆ ಹಳೆಯದೆಲ್ಲ ಅವರ ತಲೆಗೆ. ಒಂದು ಭಾನುವಾರ ಕೂತು ಇಡೀ ರೆಪೊವನ್ನು ಒಂದೇ ಕಮಿಟ್‌ನಲ್ಲಿ ಫಾರ್ಮ್ಯಾಟ್ ಮಾಡಿ ಮುಗಿಸಿ. ಜ್ಯಾಂಗೋದಂಥ ದೊಡ್ಡ ಪ್ರಾಜೆಕ್ಟ್ 2022ರ ಫೆಬ್ರವರಿಯಲ್ಲಿ ಇಡೀ ಕೋಡ್‌ಬೇಸ್‌ಗೆ ಬ್ಲ್ಯಾಕ್ ಹಾಕಿತು, ನಿಮ್ಮದು ಯಾವ ಲೆಕ್ಕ? 'ಬ್ಲೇಮ್ (ಯಾವ ಸಾಲು ಯಾರು ಬರೆದರು ಅನ್ನೋ ಪಟ್ಟಿ) ನೋಡಿದರೆ ಎಲ್ಲ ಸಾಲಿಗೂ ನನ್ನ ಹೆಸರೇ ಬರುತ್ತಲ್ಲ' ಅಂತ ನಿಮ್ಮ ಗೆಳೆಯರು ಕೇಳಬಹುದು. 2019ರಲ್ಲಿ ಬಂದ ಗಿಟ್ 2.23ರಿಂದ ಬ್ಲೇಮ್ ಮಾಡುವಾಗ ಇಂಥ ಕಮಿಟ್‌ಗಳನ್ನು ಬಿಟ್ಟು ನೋಡು ಅಂತ ಒಂದು ಫೈಲ್‌ನಲ್ಲಿ ಬರೆದಿಡಬಹುದು. ಗಿಟ್‌ಹಬ್ ಕೂಡ ಆ ಫೈಲ್ ಓದುತ್ತದೆ.

ಇಷ್ಟು ಟೂಲ್‌ಗಳ ಮಾತಾಯಿತು. ಈಗ ನಿಮ್ಮ ಬಗ್ಗೆ.

ಆ ವಿದ್ಯಾರ್ಥಿನಿಯ ಪಿಆರ್‌ಗೆ ಹಿಂತಿರುಗೋಣ, ದಿನಾಂಕಗಳನ್ನು ನೋಡಿ. ಸೋಮವಾರ ಪಿಆರ್ ಬಂತು. ಆರು ದಿನ ಏನೂ ಇಲ್ಲ, ಹಳದಿ ಚುಕ್ಕೆ. ಯಾಕಂದರೆ ಮೊದಲ ಸಲ ಬಂದವರ ಪಿಆರ್‌ನಲ್ಲಿ ಸಿಐ ಓಡಬೇಕಾದರೆ ಮೇಂಟೇನರ್ ಒಪ್ಪಿಗೆ ಕೊಡಬೇಕು. ಈ ನಿಯಮ 2021ರ ಏಪ್ರಿಲ್‌ನಲ್ಲಿ ಬಂತು. ಜನ ಸುಳ್ಳು ಪಿಆರ್ ಕಳಿಸಿ ಗಿಟ್‌ಹಬ್‌ನ ಯಂತ್ರಗಳಲ್ಲಿ ಪುಕ್ಕಟೆಯಾಗಿ ಕ್ರಿಪ್ಟೊ ಗಣಿ ತೋಡುತ್ತಿದ್ದರು, ಅದಕ್ಕೆ ತಡೆ ಹಾಕಿದರು. ಸರಿ, ಭಾನುವಾರ ನೀವು ಒಪ್ಪಿಗೆ ಗುಂಡಿ ಒತ್ತಿದಿರಿ. ಏನೂ ಬರೆಯಲಿಲ್ಲ. ಎರಡು ನಿಮಿಷದಲ್ಲಿ ಕೆಂಪು. ಮತ್ತೆ ಮೂರು ದಿನ ಬಿಟ್ಟು ನಿಮ್ಮ ಮೊದಲ ಮಾತು: 'ಸಿಐ ಫಿಕ್ಸ್ ಮಾಡಿ'. ಒಂಬತ್ತು ದಿನ ಕಾದು ಕೇಳಿಸಿಕೊಂಡಿದ್ದು ಇದು. ಬಗ್ ಸರಿಮಾಡಿದ್ದು ಯಾರಾದರೂ ನೋಡಿದರಾ ಅನ್ನೋದೂ ಆಕೆಗೆ ಗೊತ್ತಾಗಲಿಲ್ಲ.

ಕುಬರ್‌ನೆಟೀಸ್ ಅನ್ನೋ ದೊಡ್ಡ ಓಪನ್ ಸೋರ್ಸ್ ಪ್ರಾಜೆಕ್ಟ್‌ನಲ್ಲೂ ಹೊಸಬರ ಪಿಆರ್ ಟೆಸ್ಟ್ ತಾನಾಗೇ ಓಡಲ್ಲ. ಸದಸ್ಯರೊಬ್ಬರು ಬಂದು 'ಓಕೆ ಟು ಟೆಸ್ಟ್' ಅಂತ ಕಾಮೆಂಟ್ ಬರೆಯಬೇಕು. ನನಗೆ ಇಷ್ಟವಾದದ್ದು ಅದು ಕಾಮೆಂಟ್ ಅನ್ನೋದು, ಎಲ್ಲೋ ಒಳಗಿನ ಗುಂಡಿ ಅಲ್ಲ. ಬರೆಯಲು ಹೇಗೂ ಬಂದಿದ್ದೀರಿ, ಜೊತೆಗೆ ಇನ್ನೊಂದು ಸಾಲು ಬರೆಯುವುದು ಕಷ್ಟವೇ? ನಿಮ್ಮ ಮಟ್ಟಿಗೆ ಒಂದು ನಿಯಮ ಮಾಡಿಕೊಳ್ಳಿ: ಒಪ್ಪಿಗೆ ಗುಂಡಿ ಒತ್ತುವ ಮೊದಲು ಡಿಫ್ (ಏನೇನು ಬದಲಾಗಿದೆ ಅನ್ನೋದು) ಓದಿ, ಓದಿದ್ದು ಗೊತ್ತಾಗುವ ಹಾಗೆ ಒಂದು ಮಾತು ಬರೆಯಿರಿ. ಕೆಂಪು ಬಂದರೂ ಆಮೇಲೆ ಬರಲಿ.

ಇನ್ನೊಂದು ಗಮನಿಸಿದೆ. ನಿಮ್ಮ ಸಿಐ ಒಂದೇ ಜಾಬ್. ಮೊದಲು ಲಿಂಟ್, ಆಮೇಲೆ ಟೈಪ್ ಚೆಕ್, ಕೊನೆಗೆ ಟೆಸ್ಟ್. ಲಿಂಟ್‌ನಲ್ಲಿ ಬಿದ್ದರೆ ಮುಂದಿನದು ಓಡುವುದೇ ಇಲ್ಲ. ತಾಲೂಕು ಕಚೇರಿ ಕೌಂಟರ್ ನೆನಪಾಯಿತು. ಇವತ್ತು ಜೆರಾಕ್ಸ್ ಇಲ್ಲ ಅಂತ ವಾಪಸ್, ನಾಳೆ ಫೋಟೋ ಇಲ್ಲ ಅಂತ ವಾಪಸ್, ನಾಡಿದ್ದು ಸಾಹೇಬರೇ ಇಲ್ಲ. ಏನೇನು ಬೇಕು ಅಂತ ಒಂದೇ ಸಲ ಹೇಳಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತಲ್ವಾ? ಮೂರನ್ನೂ ಬೇರೆ ಬೇರೆ ಜಾಬ್ ಮಾಡಿ, ಒಟ್ಟಿಗೇ ಓಡಲಿ. ಮ್ಯಾಟ್ರಿಕ್ಸ್ (ಒಂದೇ ಜಾಬನ್ನು ಹಲವು ಸೆಟ್ಟಿಂಗ್‌ಗಳಲ್ಲಿ ಓಡಿಸುವುದು) ಬಳಸುವುದಾದರೆ 'ಫೇಲ್ ಫಾಸ್ಟ್' ಆಫ್ ಮಾಡಿ, ಇಲ್ಲದಿದ್ದರೆ ಒಂದು ಬಿದ್ದ ತಕ್ಷಣ ಉಳಿದವನ್ನೂ ನಿಲ್ಲಿಸಿಬಿಡುತ್ತದೆ. ಆಕೆಯ ಪಿಆರ್‌ನಲ್ಲಿ ಟೆಸ್ಟ್ ಓಡಿದ್ದರೆ ಪಾಸ್ ಆಗುತ್ತಿತ್ತು. ನಾನು ಇಳಿಸಿಕೊಂಡು ಓಡಿಸಿ ನೋಡಿದೆ. 214 ತಪ್ಪುಗಳ ಪಕ್ಕದಲ್ಲಿ 'ಟೆಸ್ಟ್ ಎಲ್ಲ ಪಾಸ್' ಅಂತ ಒಂದು ಹಸಿರು ಗುರುತು ಇದ್ದಿದ್ದರೆ ಆಕೆ ಬಹುಶಃ ನಿಲ್ಲುತ್ತಿದ್ದರು.

ಕೆಂಪು ಬಂದಾಗ ಅದರ ಮಾತು ಹೇಗಿರಬೇಕು ಅಂತ ನೋಡಬೇಕಿದ್ದರೆ ರಸ್ಟ್ ಭಾಷೆಯ ಪ್ರಾಜೆಕ್ಟ್‌ನ ಟೈಡಿ ಅನ್ನೋ ಚೆಕ್ ನೋಡಿ. ಕೋಡ್‌ನಲ್ಲಿ 'ಟುಡೂ' ಅಂತ ಬರೆದರೆ ಅದು ಒಪ್ಪಲ್ಲ. ಆದರೆ ಬರೀ 'ತಪ್ಪು' ಅನ್ನೋದಿಲ್ಲ. ಅದರ ಬದಲು 'ಫಿಕ್ಸ್‌ಮಿ' ಬಳಸಿ ಅಂತ ದಾರಿ ತೋರಿಸುತ್ತದೆ. ಅದೇ ಕಮಾಂಡ್‌ಗೆ 'ಬ್ಲೆಸ್' ಅಂತ ಸೇರಿಸಿದರೆ ಫಾರ್ಮ್ಯಾಟ್ ತಪ್ಪುಗಳನ್ನು ತಾನೇ ಸರಿಮಾಡುತ್ತದೆ. ಹರಸು ಅಂತ ಕೇಳಿಕೊಂಡ ಹಾಗೆ, ಚೆಂದದ ಹೆಸರು. ನಿಮ್ಮ ಲಾಗ್‌ನಲ್ಲಿ ಕೊನೆಗೆ ಕಾಣುವುದು 'ಎಕ್ಸಿಟ್ ಕೋಡ್ 1' ಅಷ್ಟೇ. ಅದರ ಕೆಳಗೆ ಕನ್ನಡದಲ್ಲೇ ಎರಡು ಸಾಲು ಮುದ್ರಿಸಿ, ಯಾವ ಕಮಾಂಡ್ ಓಡಿಸಬೇಕು, ಆಗದಿದ್ದರೆ ಹಾಗೇ ಬಿಡಿ ನಾವು ನೋಡಿಕೊಳ್ಳುತ್ತೇವೆ ಅಂತ. ಕನ್ನಡ ಲೈಬ್ರರಿಗೆ ಬರುವವರು ಕನ್ನಡ ಓದುತ್ತಾರೆ.

ಹಾಗಾದರೆ ಚೆಕ್‌ಗಳು ಯಾಕೆ ಬೇಕು? ನಿಮ್ಮ ಭಯದಲ್ಲೂ ಅರ್ಥ ಇದೆ. 2020ರ ಅಕ್ಟೋಬರ್‌ನಲ್ಲಿ, ಪಿಆರ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಕಾರ್ಯಕ್ರಮದಲ್ಲಿ, ಆ ಆಸೆಗೆ ಬಿದ್ದ ಪಿಆರ್‌ಗಳ ರಾಶಿ ನೋಡಿ ಎಷ್ಟೋ ಮೇಂಟೇನರ್‌ಗಳು ತಲೆ ಚಚ್ಚಿಕೊಂಡರು. ಕೊನೆಗೆ ಅದೇ ತಿಂಗಳು, ಒಪ್ಪಿದ ರೆಪೊಗಳು ಮಾತ್ರ ಲೆಕ್ಕಕ್ಕೆ ಅಂತ ನಿಯಮ ಬದಲಿಸಿದರು. 2024ರಲ್ಲಿ ಎಕ್ಸ್‌ಪ್ರೆಸ್ ಜೆಎಸ್ ರೆಪೊಗೆ ರೀಡ್‌ಮಿ ಫೈಲ್‌ನಲ್ಲಿ ತಮ್ಮ ಹೆಸರು ಸೇರಿಸುವ ಪಿಆರ್‌ಗಳು ಸಾಲುಗಟ್ಟಿ ಬಂದವು. ನಮ್ಮ ದೇಶದ ಒಂದು ಪಾಠದ ವಿಡಿಯೋದಲ್ಲಿ ಪಿಆರ್ ಕಳಿಸುವುದು ಹೇಗೆ ಅಂತ ತೋರಿಸಲು ಆ ರೆಪೊ ಬಳಸಿದ್ದರು, ಮಕ್ಕಳು ಹಾಗೇ ಮಾಡಿದರು. ಗಮನಿಸಿ, ಈ ಎರಡನ್ನೂ ಲಿಂಟರ್ ತಡೆಯುತ್ತಿರಲಿಲ್ಲ. ರೀಡ್‌ಮಿಯಲ್ಲಿ ಹೆಸರು ಬರೆಯುವುದಕ್ಕೆ ಯಾವ ಲಿಂಟರ್ ಬೇಡ ಅನ್ನುತ್ತೆ? ಈಗಂತೂ ಎಐ ಬರೆದ ಕೋಡ್ ಎಲ್ಲ ಚೆಕ್ ದಾಟಿ ಹಸಿರಾಗಿ ಬಂದು ನಿಲ್ಲುತ್ತದೆ, ಟೆಸ್ಟ್ ಸಮೇತ. ಒಳಗೆ ನೋಡಿದರೆ ಕೆಲವು ಸಲ ಹುರುಳೇ ಇರಲ್ಲ. ಗಿಟ್ ಬಾರದೆ ಬ್ರೌಸರ್‌ನಲ್ಲಿ ಅಪ್‌ಲೋಡ್ ಮಾಡಿದ ಹುಡುಗಿಯ ಪಿಆರ್ ಕೆಂಪು, ಆದರೆ ನಿಜವಾದ ಬಗ್ ಸರಿಮಾಡಿದೆ. ಬಣ್ಣ ನೋಡಿ ಅಳೆಯುವ ಕಾಲ ಹೋಯಿತು.

ಬಿಗಿಯಾಗಿ ಇಡಬೇಕಾದದ್ದು ಟೆಸ್ಟ್. ಅದು ಕೆಂಪಾದರೆ ಮರ್ಜ್ ಬೇಡ, ಯಾರದೇ ಇರಲಿ, ನಿಮ್ಮದೂ ಇರಲಿ. ಬ್ರಾಂಚ್ ಪ್ರೊಟೆಕ್ಷನ್‌ನಲ್ಲಿ 'ರಿಕ್ವೈರ್ಡ್' ಅಂತ ಗುರುತು ಮಾಡಿದ ಚೆಕ್‌ಗಳು ಮಾತ್ರ ಮರ್ಜ್ ತಡೆಯುತ್ತವೆ. ಟೆಸ್ಟ್ ಮತ್ತು ಫಾರ್ಮ್ಯಾಟ್ ಎರಡನ್ನೂ ಅಲ್ಲಿ ಇಡಿ. ಫಾರ್ಮ್ಯಾಟ್ ಇಟ್ಟರೂ ಅದನ್ನು ಹಸಿರು ಮಾಡುವ ಜವಾಬ್ದಾರಿ ನಿಮ್ಮದು, ಬಂದವರದ್ದಲ್ಲ. ಟೈಪ್ ಚೆಕ್ ಕೂಡ ಇರಲಿ, ಆದರೆ ಹೊಸಬರಿಗೆ ಅದು ತಲೆನೋವಾದರೆ ಪಿಆರ್‌ನ ಆ ಸಾಲಿನಲ್ಲೇ 'ಆಡ್ ಎ ಸಜೆಶನ್' ಗುಂಡಿಯಿಂದ ಸರಿಯಾದ ಸಾಲು ಬರೆದು ಕೊಡಿ. ಅವರು ಒಂದು ಕ್ಲಿಕ್ ಮಾಡಿದರೆ ಸಾಕು, ಏನು ತಪ್ಪಿತ್ತು ಅಂತಲೂ ಗೊತ್ತಾಗುತ್ತದೆ. ಎರಡನೇ, ಮೂರನೇ ಪಿಆರ್ ಹೊತ್ತಿಗೆ ಅವರೇ ಮಾಡುತ್ತಾರೆ. ಆಗ ನೀವು ಸ್ವಲ್ಪ ಬಿಗಿ ಮಾಡಬಹುದು, ಅವರು ಬೇಜಾರು ಮಾಡಿಕೊಳ್ಳಲ್ಲ.

ಕಮಿಟ್ ಮಾಡುವ ಮೊದಲೇ ಅವರ ಯಂತ್ರದಲ್ಲಿ ಎಲ್ಲ ಚೆಕ್ ಓಡಿಸುವ ಹುಕ್ ಹಾಕಿಸಬೇಕು ಅಂತ ನಿಮ್ಮ ದಾಖಲೆಯಲ್ಲಿ ಬರೆದಿದ್ದೀರಿ. ಅದನ್ನು 'ಬೇಕಿದ್ದರೆ' ಅಂತ ಮಾಡಿ. ಒಂದು ಕಾಗುಣಿತ ತಿದ್ದಲು ಬಂದವರು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅಷ್ಟೆಲ್ಲ ಪ್ಯಾಕೇಜ್ ಇಳಿಸಿಕೊಳ್ಳಬೇಕಾ? ಇಳಿಸಿಕೊಂಡವರಿಗೂ ಒಂದು ಕಿರಿಕಿರಿ ಕಾದಿದೆ. ಸಾಲಿನ ಕೊನೆಯ ಖಾಲಿ ಜಾಗ ಅಳಿಸುವ ಹುಕ್ ಮಾರ್ಕ್‌ಡೌನ್ ಫೈಲ್‌ನಲ್ಲಿ ಸಾಲು ಮುರಿಯಲು ಬೇಕಂತಲೇ ಹಾಕಿದ ಎರಡು ಸ್ಪೇಸ್‌ಗಳನ್ನೂ ತಿನ್ನುತ್ತದೆ, ನಿಮ್ಮ ರೀಡ್‌ಮಿಯಲ್ಲಿರುವ ಪದ್ಯದ ಸಾಲುಗಳು ಒಂದಕ್ಕೊಂದು ಅಂಟಿಕೊಂಡಿರುವುದು ಅದರಿಂದಲೇ. ಆ ಹುಕ್‌ಗೆ ಮಾರ್ಕ್‌ಡೌನ್ ಬಿಡು ಅಂತ ಹೇಳುವ ಒಂದು ಆಪ್ಷನ್ ಇದೆ, ಹಾಕಿಕೊಳ್ಳಿ.

ಇವತ್ತು ಸಂಜೆ ಮಾಡಬೇಕಾದ ಕೆಲಸ ಒಂದಿದೆ. ಆ ವಿದ್ಯಾರ್ಥಿನಿಯ ಬ್ರಾಂಚ್ ಇಳಿಸಿಕೊಳ್ಳಿ, ಪ್ರೆಟಿಯರ್ ಓಡಿಸಿ, ಪುಶ್ ಮಾಡಿ. ಆಮೇಲೆ ಹೀಗೆ ಬರೆಯಿರಿ:

'ನಮಸ್ಕಾರ. ಗುಂಡಿಯ ಬಗ್ ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ, ನೀವು ಸರಿಮಾಡಿದ್ದು ಓಡಿಸಿ ನೋಡಿದೆ, ಕೆಲಸ ಮಾಡುತ್ತಿದೆ. ಆ 214 ತಪ್ಪು ನಿಮ್ಮದಲ್ಲ, ನಮ್ಮ ಸೆಟಪ್‌ನದ್ದು. ನಾನೇ ಸರಿಮಾಡಿ ನಿಮ್ಮ ಬ್ರಾಂಚ್‌ಗೆ ಸೇರಿಸಿದ್ದೇನೆ, ನೀವೇನೂ ಮಾಡಬೇಕಿಲ್ಲ. ತಡವಾಗಿ ಉತ್ತರ ಕೊಟ್ಟಿದ್ದಕ್ಕೆ ಕ್ಷಮಿಸಿ. ಈಗ ಮರ್ಜ್ ಮಾಡುತ್ತಿದ್ದೇನೆ.'

ಆಕೆ ಅಷ್ಟರಲ್ಲಿ ತಮ್ಮ ಫೋರ್ಕ್ ಅಳಿಸಿಹಾಕಿದ್ದರೆ ಪುಶ್ ಆಗುವುದಿಲ್ಲ. ಆದರೂ ಪಿಆರ್‌ನ ಕಮಿಟ್ ನಿಮ್ಮ ರೆಪೊದಲ್ಲೇ ಉಳಿದಿರುತ್ತದೆ, ಪಿಆರ್ ನಂಬರ್ ಕೊಟ್ಟು ಫೆಚ್ ಮಾಡಬಹುದು. ಅದನ್ನು ಚೆರಿ ಪಿಕ್ ಮಾಡಿ (ಆ ಕಮಿಟ್ ಒಂದನ್ನೇ ಎತ್ತಿ ತನ್ನಿ), ಬರೆದವರ ಜಾಗದಲ್ಲಿ ಆಕೆಯ ಹೆಸರೇ ಇರುತ್ತದೆ. ಫಾರ್ಮ್ಯಾಟ್ ಸರಿಮಾಡಿದ್ದನ್ನು ಅದರ ಮೇಲೆ ನಿಮ್ಮ ಹೆಸರಿನ ಬೇರೆ ಕಮಿಟ್ ಮಾಡಿ, ಎರಡನ್ನೂ ಕಲಸಬೇಡಿ.